ಸಿಸೇರಿಯನ್ ಆದ ಮೇಲೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ ಅಂತಾರೆ, ನಿಜವಾ?

ನಿಜ, ಆದರೆ ಎಲ್ಲರಿಗೂ ಆಗುವುದಿಲ್ಲ. ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗದಿರಲಿ ಅಂತ ಗರ್ಭಿಣಿಯ ರಕ್ತ ಬೇಗ ಹೆಪ್ಪುಗಟ್ಟುವ ಹಾಗೆ ಬದಲಾಗಿರುತ್ತದೆ. ಅದರ ಮೇಲೆ ಆಪರೇಷನ್, ಮಲಗೇ ಇರುವುದು ಸೇರಿದರೆ ಅಪಾಯ ಇನ್ನೂ ಹೆಚ್ಚು. ಮೊದಲ 6 ವಾರ ಹುಷಾರಾಗಿರಬೇಕು.

ಬಾಣಂತಿಗೆ ನೀರು ಕೊಡಬೇಡಿ, ಏಳಿಸಬೇಡಿ ಅಂತಾರಲ್ಲ, ಇಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಡಾಕ್ಟರ್ ಒಪ್ಪಿದ ಕೂಡಲೇ ಎದ್ದು ನಡೆದಾಡಿ. ತೂಕ ಜಾಸ್ತಿ ಇದ್ದರೆ, ಹಿಂದೆ ಹೀಗಾಗಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಡಬಹುದು. ಹಾಲೂಡಿಸಲು ಅದರಿಂದ ತೊಂದರೆಯಿಲ್ಲ.

ಒಂದೇ ಕಾಲು, ಹೆಚ್ಚಾಗಿ ಎಡಗಾಲು, ಊದಿ ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ದಿಢೀರ್ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, ನೇರ ಎಮರ್ಜೆನ್ಸಿಗೆ ಹೋಗಿ. 2017ರಲ್ಲಿ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ ಸಿಸೇರಿಯನ್ ಆದ ಮೇಲೆ ಸ್ಕ್ಯಾನ್ ಮಾಡಿ ಅಂತ ಹಠ ಹಿಡಿದಿದ್ದಕ್ಕೇ ಶ್ವಾಸಕೋಶದ ಹೆಪ್ಪು ಗೊತ್ತಾಗಿದ್ದು.