ಬಾಕಿ ಪುಸ್ತಕ ಎಷ್ಟು? ಫಾರ್ಮ್‌ನಲ್ಲೇ ತೋರಿಸಿ

ಪ್ರಶ್ನೆ: ಗ್ರಂಥಾಲಯದ ಎರವಲು ಲೆಕ್ಕವನ್ನು ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಇಟ್ಟಿದ್ದೇವೆ. ಸದಸ್ಯರ ಫಾರ್ಮ್ ತೆರೆದರೆ ಅವರು ಮರಳಿಸಬೇಕಾದ ಪುಸ್ತಕಗಳ ಸಂಖ್ಯೆ ಕಾಣಬೇಕು. ಫುಟರ್‌ನಲ್ಲಿ ಕೌಂಟ್ ಹಾಕಿದರೆ ಒಟ್ಟು ಸದಸ್ಯರ ಸಂಖ್ಯೆ ಬರುತ್ತಿದೆ.
— ಓದುಗರು, ಸಾಗರ

ಉತ್ತರ: ಕೌಂಟ್ ಎಣಿಸುವುದು ಆ ಫಾರ್ಮ್‌ನದೇ ರೆಕಾರ್ಡ್‌ಗಳನ್ನು. ಎರವಲು ಬೇರೆ ಟೇಬಲ್‌ನಲ್ಲಿದೆ. ಅದಕ್ಕೆ ಬೇರೆ ಟೇಬಲ್‌ನಲ್ಲಿ ಷರತ್ತಿಗೆ ಹೊಂದುವ ರೆಕಾರ್ಡ್‌ಗಳನ್ನು ಎಣಿಸುವ ಡಿಕೌಂಟ್ (DCount) ಬೇಕು. ಡಿಸೈನ್ ವ್ಯೂನಲ್ಲಿ ಹೊಸ ಟೆಕ್ಸ್ಟ್ ಬಾಕ್ಸ್ ಇಟ್ಟು, ಎಫ್4 ಒತ್ತಿ, ತೆರೆಯುವ ಪ್ರಾಪರ್ಟಿ ಶೀಟ್‌ನ ಕಂಟ್ರೋಲ್ ಸೋರ್ಸ್‌ನಲ್ಲಿ ಹೀಗೆ ಬರೆಯಿರಿ (ಫಂಕ್ಷನ್ ಹೆಸರುಗಳೂ ಷರತ್ತಿನ ಪದಗಳೂ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಟೇಬಲ್, ಫೀಲ್ಡ್ ಹೆಸರು ನಿಮ್ಮಲ್ಲಿರುವಂತೆ):

=ಡಿಕೌಂಟ್("*","[ಎರವಲು]","[ಸದಸ್ಯಸಂಖ್ಯೆ]=" & ಎನ್‌ಝಡ್([ಸದಸ್ಯಸಂಖ್ಯೆ],0) & " ಅಂಡ್ [ಮರಳಿದದಿನ] ಈಸ್ ನಲ್")

ಎನ್‌ಝಡ್ (Nz) ಎಂದರೆ ಫೀಲ್ಡ್ ಖಾಲಿ ಇದ್ದಾಗ ಅದರ ಬದಲು ನಾವು ಹೇಳಿದ್ದನ್ನು ಕೊಡುವ ಫಂಕ್ಷನ್. ಅದನ್ನು ಬಿಟ್ಟರೆ ಹೊಸ ಸದಸ್ಯರನ್ನು ಸೇರಿಸಲು ಖಾಲಿ ಫಾರ್ಮ್‌ಗೆ ಹೋದಾಗ ಸದಸ್ಯಸಂಖ್ಯೆ ಇರುವುದಿಲ್ಲ, ಷರತ್ತು ಅರ್ಧಕ್ಕೇ ತುಂಡಾಗಿ ಎರರ್ ಕಾಣುತ್ತದೆ. ಸದಸ್ಯಸಂಖ್ಯೆ ಟೆಕ್ಸ್ಟ್ ಫೀಲ್ಡ್ ಆಗಿದ್ದರೆ ಆ ಸಂಖ್ಯೆಯ ಎರಡೂ ಬದಿಗೆ ಒಂಟಿ ಉದ್ಧರಣ ಚಿಹ್ನೆ ಹಾಕಿ, ಎನ್‌ಝಡ್‌ನಲ್ಲಿ 0 ಬದಲು ಖಾಲಿ ಟೆಕ್ಸ್ಟ್ ಕೊಡಿ. ಷರತ್ತಿನಲ್ಲಿ ದಿನಾಂಕ ಬಂದರೆ ಅದನ್ನು ಹ್ಯಾಷ್ ಚಿಹ್ನೆಗಳ ನಡುವೆ, ತಿಂಗಳು ಮೊದಲು ದಿನ ಆಮೇಲೆ ಬರೆಯಿರಿ. ನಮ್ಮ ರೂಢಿಯಂತೆ 5/8 ಎಂದು ಆಗಸ್ಟ್ 5ನ್ನು ಬರೆದರೆ ಆಕ್ಸೆಸ್ ಅದನ್ನು ಮೇ 8 ಎಂದು ಓದುತ್ತದೆ. ಎರರ್ ಕೂಡ ಬರುವುದಿಲ್ಲ, ಲೆಕ್ಕ ಮಾತ್ರ ತಪ್ಪು. ಇದಕ್ಕಿಂತ ಕೆಟ್ಟ ದೋಷ ಇನ್ನೊಂದಿಲ್ಲ.

ಬೇರೆ ಫಾರ್ಮ್‌ನಲ್ಲಿ ಪುಸ್ತಕ ವಾಪಸ್ ದಾಖಲಿಸಿದ ಮೇಲೂ ಹಳೇ ಸಂಖ್ಯೆಯೇ ಉಳಿದರೆ ಎಫ್9 ಒತ್ತಿ, ಅಥವಾ ಕೋಡ್‌ನಲ್ಲಿ ರೀಕ್ಯಾಲ್ಕ್ ಕರೆಯಿರಿ. ಫಾರ್ಮ್‌ನ ಡೇಟಾವನ್ನೆಲ್ಲ ಮತ್ತೆ ತರಿಸುವ ರೀಕ್ವೆರಿ ಬೇಡ. ಅದು ಮೊದಲ ಸದಸ್ಯರಿಗೆ ಒಯ್ದು ನಿಲ್ಲಿಸುತ್ತದೆ.

ಒಬ್ಬೊಬ್ಬ ಸದಸ್ಯರನ್ನೇ ತೋರಿಸುವ ಫಾರ್ಮ್‌ಗೆ ಇಷ್ಟು ಸಾಕು. ಸಾಲುಸಾಲಾಗಿ ತೋರಿಸುವ ಕಂಟಿನ್ಯುಯಸ್ ಫಾರ್ಮ್‌ನಲ್ಲಿ ಪ್ರತಿ ಸಾಲಿಗೂ ಡಿಕೌಂಟ್ ಓಡಿ ತೆರೆ ಎಳೆದಾಡುತ್ತದೆ. ಎರವಲು ಟೇಬಲ್‌ನ ಸದಸ್ಯಸಂಖ್ಯೆಗೆ ಇಂಡೆಕ್ಸ್ ಇಡಿ. ಗುಂಪು ಮಾಡಿ ಎಣಿಸುವ ಕ್ವೆರಿಯನ್ನು ಜೋಡಿಸುವುದು ಇನ್ನೂ ವೇಗ, ಆದರೆ ಆಗ ಆ ಫಾರ್ಮ್‌ನಲ್ಲಿ ತಿದ್ದುವಂತಿಲ್ಲ. ನೋಡುವುದಕ್ಕಷ್ಟೇ ಇರುವ ಪಟ್ಟಿಗೆ ಕ್ವೆರಿಯೇ ಸರಿ.

ಪ್ರಶ್ನೆ: ಫಿಲ್ಟರ್ ಹಾಕಿದ ಮೇಲೆ ಎಷ್ಟು ರೆಕಾರ್ಡ್ ಸಿಕ್ಕವೆಂದು ಕೋಡ್‌ನಲ್ಲಿ ರೆಕಾರ್ಡ್‌ಸೆಟ್‌ಕ್ಲೋನ್ (ಫಾರ್ಮ್‌ನ ರೆಕಾರ್ಡ್‌ಗಳ ನಕಲು) ಬಳಸಿ ತೋರಿಸುತ್ತೇನೆ. ಕೆಲವೊಮ್ಮೆ 1 ಎಂದಷ್ಟೇ ಬರುತ್ತದೆ.
— ಓದುಗರು, ಹಾಸನ

ಉತ್ತರ: ಅಲ್ಲಿಯವರೆಗೆ ತಲುಪಿದ ರೆಕಾರ್ಡ್‌ಗಳಷ್ಟೇ ಎಣಿಕೆಗೆ ಸಿಗುತ್ತವೆ. ಮೂವ್‌ಲಾಸ್ಟ್‌ನಿಂದ ಕೊನೆಯ ರೆಕಾರ್ಡ್‌ಗೆ ಹೋಗಿ ಆಮೇಲೆ ರೆಕಾರ್ಡ್‌ಕೌಂಟ್ ಓದಿ. ಒಂದೂ ಸಿಗದಿದ್ದಾಗ ಮೂವ್‌ಲಾಸ್ಟ್ 3021 ಎರರ್ ಕೊಡುವುದರಿಂದ, ಮೊದಲು ರೆಕಾರ್ಡ್‌ಕೌಂಟ್ ಸೊನ್ನೆಯೇ ಎಂದು ನೋಡಿಕೊಳ್ಳಿ. ಈ ಕೋಡನ್ನು ಅಪ್ಲೈ ಫಿಲ್ಟರ್ ಇವೆಂಟ್‌ನಲ್ಲಿ ಇಡಬೇಡಿ. ಅದು ಫಿಲ್ಟರ್ ಜಾರಿಯಾಗುವ ಮೊದಲೇ ಓಡುತ್ತದೆ.

ಕೋಡ್ ಇಲ್ಲದೆಯೂ ಆಗುತ್ತದೆ. ಫಾರ್ಮ್ ಫುಟರ್‌ನಲ್ಲಿ =ಕೌಂಟ್(*) ಬರೆದರೆ ಅದು ಫಿಲ್ಟರ್ ಜೊತೆಗೇ ಬದಲಾಗುತ್ತದೆ. ಪೇಜ್ ಫುಟರ್‌ನಲ್ಲಿ ಇಟ್ಟರೆ ನಡೆಯದು. ನಕ್ಷತ್ರದ ಜಾಗದಲ್ಲಿ ಫೀಲ್ಡ್ ಹೆಸರು ಕೊಟ್ಟರೆ ಆ ಫೀಲ್ಡ್ ಖಾಲಿ ಇರುವ ರೆಕಾರ್ಡ್‌ಗಳು ಬಿಟ್ಟುಹೋಗುತ್ತವೆ.