ಪ್ರತಿಕ್ರಿಯೆ: ಮೊಟ್ಟೆಯ ಹಳದಿ ಬಿಳಿಚಿಕೊಂಡಿದೆ, ಅರಸಿನ ಹಾಕಬಹುದೇ?

ಕುಂಬಳೆಯವರೇ, ಕೋಳಿಗೆ ಮೆಕ್ಕೆಜೋಳ ಬಿಟ್ಟು ನುಚ್ಚಕ್ಕಿ, ತೌಡು ಹಾಕಲು ಶುರು ಮಾಡಿದ ಮೇಲೆ ಹೀಗಾಯಿತು ಅಂದಿರಿ. ಕಾರಣ ಅದೇ. ಹಳದಿ ಬಣ್ಣವನ್ನು ಕೋಳಿ ತಾನಾಗಿ ಮಾಡಿಕೊಳ್ಳುವುದಿಲ್ಲ, ತಿಂದದ್ದರಿಂದಲೇ ಬರಬೇಕು. ಮೆಕ್ಕೆಜೋಳದಲ್ಲಿ ಲ್ಯೂಟೀನ್, ಜಿಯಾಜ್ಯಾಂಥಿನ್ ಎಂಬ ಹಳದಿ ಬಣ್ಣದ ಅಂಶಗಳಿವೆ, ಅಕ್ಕಿಯಲ್ಲಿ ಇಲ್ಲವೆಂದೇ ಹೇಳಬೇಕು.

ಅರಸಿನ ಬೇಡ ಮಾರಾಯ್ರೆ. ಅದರ ಬಣ್ಣದ ಜಾತಿಯೇ ಬೇರೆ, ಮೊಟ್ಟೆಗೆ ಸರಿಯಾಗಿ ಇಳಿಯುವುದಿಲ್ಲ. ಗೊಂಡೆ (ಚೆಂಡು) ಹೂವಿನ ಎಸಳು ಬಿಡಿಸಿ, ನೆರಳಲ್ಲೇ ಒಣಗಿಸಿ (ಬಿಸಿಲಿಗೆ ಬಣ್ಣ ಹಾಳು), ಕೈಯಲ್ಲಿ ಉಜ್ಜಿದರೆ ಪುಡಿಯಾಗುವ ಹದಕ್ಕೆ ಬಂದ ಮೇಲೆ ಕಿಲೋ ಆಹಾರಕ್ಕೆ 5 ಗ್ರಾಂ ಬೆರೆಸಿ. ಅಂಗಡಿಯ ಹೂಮಾಲೆ ಮಾತ್ರ ಬೇಡ, ಔಷಧಿ ಹೊಡೆದಿರುತ್ತಾರೆ. ಸ್ವಲ್ಪ ಕೇಸರಿ ಛಾಯೆ ಬೇಕಿದ್ದರೆ ಚಿಟಿಕೆ ಬ್ಯಾಡಗಿ ಮೆಣಸಿನ ಪುಡಿ. ಹಕ್ಕಿಗಳಿಗೆ ಖಾರ ತಾಗುವುದಿಲ್ಲ; ನಾನು ಮೊದಲ ಸಲ ಹಾಕಿ ಹೆದರಿ ನಿಂತಿದ್ದೆ, ಅವು ಪಾತ್ರೆಯ ತಳ ಕುಕ್ಕುತ್ತಿದ್ದವು!

ಹಿತ್ತಿಲಲ್ಲಿ ನುಗ್ಗೆ ಇದ್ದರೆ ಸೊಪ್ಪನ್ನೂ ಕೊಡಿ. ಸುಬಾಬುಲ್ ಎಂಬ ಮೇವಿನ ಮರದ ಸೊಪ್ಪಿನಲ್ಲಿ ಬಣ್ಣವೇನೋ ಇದೆ, ಜೊತೆಗೆ ಮಿಮೋಸಿನ್ ಎಂಬ ವಿಷವೂ ಇದೆ, ನಾನಂತೂ ಹಾಕುವುದಿಲ್ಲ.

ನಾಳೆಯೇ ಒಡೆದು ನೋಡಬೇಡಿ. ಹಳದಿ ಬಲಿಯುವುದಕ್ಕೇ ಸುಮಾರು 10 ದಿನ ಬೇಕು. ಅಂದ ಹಾಗೆ, ಬಿಳಿಚಿದ ಮೊಟ್ಟೆಯಲ್ಲಿ ಪ್ರೋಟೀನೇನೂ ಕಡಿಮೆ ಇರುವುದಿಲ್ಲ, ಗಿರಾಕಿಗಳು ಕೇಳಿದರೆ ಹೇಳಿ.