ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಯಾವ ಕೋರ್ಸ್ ತೆಗೆದುಕೊಂಡರೆ ಮುಂದೆ ಯೂನಿವರ್ಸಿಟಿ ಡಿಗ್ರಿಗೆ ಲೆಕ್ಕಕ್ಕೆ ಬರುತ್ತದೆ?

ಮುಂದೆ ಸೇರಬೇಕಾದ ಯೂನಿವರ್ಸಿಟಿ ಮತ್ತು ಮೇಜರ್, ಅಂದರೆ ಮುಖ್ಯ ವಿಷಯ, ಇವೆರಡನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಕೋರ್ಸ್ ಆರಿಸಿ. ಯೂನಿಟ್, ಅಂದರೆ ಕೋರ್ಸ್ ಮುಗಿಸಿದರೆ ಸಿಗುವ ಕ್ರೆಡಿಟ್, ಯೂನಿವರ್ಸಿಟಿಗೆ ವರ್ಗಾವಣೆಯಾಗುವುದು ಬೇರೆ, ಅದು ನಿಮ್ಮ ಮೇಜರ್‌ಗೆ ಬೇಕಾದ ಪಾಠವಾಗಿ ಎಣಿಕೆಯಾಗುವುದು ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ. ಎಂಜಿನಿಯರಿಂಗ್‌ಗೆ ಹೋಗುವವರು ಕ್ಯಾಲ್ಕುಲಸ್ ಇಲ್ಲದ ಫಿಸಿಕ್ಸ್ ಓದಿದರೆ ಯೂನಿಟ್ ಸಿಗಬಹುದು, ಆದರೆ ಫಿಸಿಕ್ಸ್ ಮತ್ತೆ ಓದಬೇಕಾಗುತ್ತದೆ. ಯಾವ ಕಾಲೇಜಿನ ಯಾವ ಕೋರ್ಸ್ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಎಂಬ ಒಪ್ಪಂದಗಳು ‘ಅಸಿಸ್ಟ್’ ಎಂಬ ಅಧಿಕೃತ ಜಾಲತಾಣದಲ್ಲಿವೆ. ನೀವು ಓದುವ ವರ್ಷದ ಪಟ್ಟಿಯನ್ನೇ ನೋಡಿ. ಯುಸಿಯಲ್ಲಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ, ಮೂರನೇ ವರ್ಷಕ್ಕೆ ಸೇರಲು ಅಲ್ಲಿಗೆ ವರ್ಗಾವಣೆಯಾಗುವ 60 ಸೆಮಿಸ್ಟರ್ ಯೂನಿಟ್ ಬೇಕು. ಗಣಿತವನ್ನಂತೂ ಮೊದಲ ಸೆಮಿಸ್ಟರ್‌ನಲ್ಲೇ ಶುರುಮಾಡಿ: ಒಂದು ಮುಗಿಯದೆ ಇನ್ನೊಂದಕ್ಕೆ ಬಿಡುವುದಿಲ್ಲ, ತಡಮಾಡಿದರೆ ಒಂದು ವರ್ಷವೇ ಕೈತಪ್ಪಬಹುದು.